ಟ್ರೆಬಲ್ ನಾಬಿನ ಮೇಲಿನ ಕೆಂಪು ಚುಕ್ಕೆ

ನಾನು ಸಂಶಯದ ಪ್ರಾಣಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ. ಮೀನಿನವಳು ತೂಗುವಾಗ ನಾನು ತಕ್ಕಡಿ ನೋಡುವುದಿಲ್ಲ, ಅವಳ ಮುಖ ನೋಡುತ್ತೇನೆ. ರಿಕ್ಷಾದವನು ಹತ್ತಿರದ ದಾರಿ ಹಿಡಿದರೆ, ಇವನಿಗೆ ಈ ಕಡೆ ಏನೋ ಸ್ವಂತ ಕೆಲಸ ಇರಬೇಕು ಎಂದುಕೊಳ್ಳುತ್ತೇನೆ. ಯಾರಾದರೂ ಹೊಗಳಿದರೆ ಅವರು ಮೆಟ್ಟಿಲಿಳಿದ ಕೂಡಲೇ ಹೆಂಡತಿಯ ಹತ್ತಿರ, "ಇವನಿಗೆ ನನ್ನಿಂದ ಎಂತ ಆಗ್ಬೇಕಿರಬಹುದು?" ಎಂದು ಕೇಳುತ್ತೇನೆ. ಇದು ಅಪ್ಪನಿಂದ ಬಂದದ್ದು. ಅಪ್ಪನದು ಅಕ್ಕಿ ಅಂಗಡಿ. ಗೋಣಿಯ ಬಾಯಲ್ಲಿ ಕಾಣುವ ಅಕ್ಕಿಯನ್ನು ಅವರು ಒಂದು ದಿನವೂ ನಂಬಿದವರಲ್ಲ. ಗೋಣಿಯ ಹೊಟ್ಟೆಗೆ ಕೊಳವೆ ಚುಚ್ಚಿ, ಒಳಗಿನ ಅಕ್ಕಿ ತೆಗೆದು ಅಂಗೈಯಲ್ಲಿ ಉಜ್ಜಿ ನೋಡುತ್ತಿದ್ದರು. ಮನುಷ್ಯರನ್ನೂ ಹಾಗೆ ಚುಚ್ಚಿ ನೋಡಬೇಕು ಎಂದು ಅವರು ಹೇಳಿಕೊಡಲಿಲ್ಲ. ಅದನ್ನು ನಾನಾಗಿ ಕಲಿತೆ.

ಆ ಬುದ್ಧಿಯಿಂದಾಗಿ ಇಪ್ಪತ್ತೆರಡು ವರ್ಷದಿಂದ ಜೊತೆಗಿದ್ದ ಗೆಳೆಯನೊಬ್ಬನನ್ನು ಕಳೆದುಕೊಳ್ಳುವ ಹಂತಕ್ಕೆ ಹೋದೆ. ನನ್ನ ಸಂಗೀತ ಹೇಗೆ ಇಷ್ಟು ವಿಚಿತ್ರವಾಯಿತು ಎಂದು ಕೇಳುವವರಿದ್ದಾರೆ. ಅವರಿಗೂ ಉತ್ತರ ಇದರಲ್ಲೇ ಉಂಟು.

ನಾನು ಮಾಡುವುದು ಆಂಬಿಯೆಂಟ್ ಎಂಬ ಜಾತಿಯ ಸಂಗೀತ. ಅದಕ್ಕೆ ತಾಳ ಇಲ್ಲ, ಪಲ್ಲವಿ ಇಲ್ಲ, ಹಾಡುವವರಿಲ್ಲ. ಕಂಪ್ಯೂಟರಿನಲ್ಲಿ ಒಂದು ಸ್ವರ ಎಬ್ಬಿಸಿ, ಅದನ್ನು ನಿಧಾನಕ್ಕೆ ಎಳೆದು, ಅದರ ಮೇಲೆ ಇನ್ನೊಂದನ್ನು ಹಾಸಿ, ಕೋಣೆಯಲ್ಲಿ ಗಾಳಿ ಇರುವ ಹಾಗೆ ಸದ್ದು ಇರುವಂತೆ ಮಾಡುವುದು. ಕಿವಿಗೊಟ್ಟು ಕೇಳಬೇಕೆಂದಿಲ್ಲ, ಇದ್ದರೆ ಸಾಕು. ನಮ್ಮದು ಮಂಗಳೂರಿನ ಮಣ್ಣಗುಡ್ಡದಲ್ಲಿ ಎರಡನೇ ಮಾಳಿಗೆಯ ಫ್ಲಾಟು. ಅದರ ಸಣ್ಣ ಕೋಣೆಯೇ ನನ್ನ ಸ್ಟುಡಿಯೋ. ಅತ್ತೆ ಒಮ್ಮೆ ಅಲ್ಲಿ ಇಪ್ಪತ್ತು ನಿಮಿಷ ತಾಳ್ಮೆಯಿಂದ ಕೂತು ಕೇಳಿ, "ಇದರಲ್ಲಿ ಹಾಡು ಯಾವಾಗ ಬರ್ತದೆ?" ಅಂದರು. ಬರುವುದಿಲ್ಲ ಅಂದೆ. "ಹಾಗಾದ್ರೆ ನೀವು ಮಾಡಿದ್ದು ಎಂತ?" ಎಂದು ಕೇಳಿದರು.

ಇಂಥದ್ದರಿಂದಲೂ ಹೊಟ್ಟೆ ತುಂಬುತ್ತದೆ ಎಂದರೆ ಅದು ಆ ಗೆಳೆಯನಿಂದ. ಅವನು ಹೊಳೆಯಾಚೆ ಬೆಂಗ್ರೆಯ ಬ್ಯಾರಿ ಮುಸಲ್ಮಾನ, ನಾವು ತುಳುವರು. ನಮ್ಮಿಬ್ಬರ ಮಾತುಕತೆ ತುಳುವಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವನ ಅಣ್ಣಂದಿರೆಲ್ಲ ಗಲ್ಫಿಗೆ ಹೋದರು, ಇವನು ಮಾತ್ರ ವಯರಿನ ಹುಚ್ಚು ಹಿಡಿಸಿಕೊಂಡು ಇಲ್ಲೇ ಉಳಿದ. ಇಪ್ಪತ್ತರ ಹರೆಯದಲ್ಲಿ ನಾವಿಬ್ಬರೂ ಒಂದೇ ಮೈಕ್‌ಸೆಟ್ಟಿನವರ ಕೈಕೆಳಗೆ ದುಡಿದವರು. ಮದುವೆ, ಮೆಹಂದಿ, ಶಾಲೆಯ ವಾರ್ಷಿಕೋತ್ಸವ, ಯಾವುದಾದರೂ ಸರಿ, ಆಳೆತ್ತರದ ಸ್ಪೀಕರುಗಳ ಪಕ್ಕದಲ್ಲೇ ನಿಲ್ಲುವ ಕೆಲಸ. ಅವನು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದ. "ಎಂತ ಮಾರಾಯ, ಕಿವಿ ಸೋರ್ತದಾ?" ಎಂದು ನಾನು ಎಲ್ಲರೆದುರು ತಮಾಷೆ ಮಾಡುತ್ತಿದ್ದೆ. ನಾನು ಬರಿಗಿವಿಯ ಶೂರ.

ಈಗ ಅವನಿಗೆ ಬಂದರಿನ ಹತ್ತಿರ ಸ್ವಂತ ಅಂಗಡಿ. ಕ್ಲಿನಿಕ್ಕು, ಹೋಟೆಲು, ಬಟ್ಟೆ ಮಳಿಗೆಗಳ ಗೋಡೆಗೆ ಸ್ಪೀಕರು ಕೂರಿಸಿಕೊಡುತ್ತಾನೆ. ಕೂರಿಸಿದ ಮೇಲೆ, "ಸುರುವಿಗೆ ಇದನ್ನು ಹಾಕಿ ನೋಡಿ ಡಾಕ್ಟ್ರೆ" ಎಂದು ನನ್ನ ಪೆನ್ ಡ್ರೈವ್ ಚುಚ್ಚುತ್ತಾನೆ. ಡಾಕ್ಟರು ನೋಡುತ್ತಾರೆ, ರೋಗಿಗಳು ಗಲಾಟೆ ಮಾಡದೆ ಕೂತಿರುತ್ತಾರೆ, ಇರಲಿ ಅನ್ನುತ್ತಾರೆ. ಹಲ್ಲಿನವರು, ಕಣ್ಣಿನವರು, ಹೆರಿಗೆಯವರು ಎಲ್ಲರೂ ನನ್ನ ಗಿರಾಕಿಗಳು. ಆಸ್ಪತ್ರೆಗಳೇ ತುಂಬಿದ ಫಳ್ನೀರಿನಲ್ಲಿ ಎಷ್ಟೋ ರೋಗಿಗಳು ನನ್ನ ಸಂಗೀತದ ಕೆಳಗೆ ಕೂತು ಟೋಕನ್ ನಂಬರಿಗೆ ಕಾದಿದ್ದಾರೆ. ಅವರಿಗೆ ಅದು ಗೊತ್ತಿಲ್ಲ, ಗೊತ್ತಾಗಬಾರದು ಕೂಡ. ಅಲ್ಲಿಗೆ ಹೊಸ ಪೆನ್ ಡ್ರೈವ್ ಕೊಂಡೊಯ್ಯುವವನೂ ಅವನೇ, ಇಂಟರ್ನೆಟ್ಟಿಗೆ ನನ್ನ ಸಂಗೀತ ಏರಿಸುವವನೂ ಅವನೇ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ನನ್ನ ಸಂಶಯ ಇಲ್ಲಿಂದಲೇ ಹುಟ್ಟಿದ್ದು.

ಎರಡು ವರ್ಷದ ಹಿಂದೆ ಜನ ನನ್ನ ಸಂಗೀತವನ್ನು ವಿಚಿತ್ರ ಎನ್ನತೊಡಗಿದರು. ಇಂಟರ್ನೆಟ್ಟಿನಲ್ಲಿ ನನ್ನನ್ನು ಕೇಳುವವರು ಊರೂರಿನಲ್ಲಿ ಚದುರಿಹೋದ ಒಂದಿಷ್ಟು ಮಂದಿ. ಅವರಲ್ಲೊಬ್ಬರು, ಗಾಜಿನ ಮೇಲೆ ಚಮಚ ಎಳೆದ ಹಾಗಿದೆ, ಧೈರ್ಯದ ಕೆಲಸ ಎಂದು ಬರೆದರು. ಇನ್ನೊಬ್ಬರು, ಮೊದಲು ಮಲಗಿಸುತ್ತಿದ್ದಿರಿ, ಈಗ ಎಬ್ಬಿಸಿ ಕೂರಿಸುತ್ತೀರಿ ಅಂದರು. ನನಗೆ ತಲೆಬುಡ ಅರ್ಥವಾಗಲಿಲ್ಲ. ನಾನು ಬೇಯಿಸುತ್ತಿದ್ದದ್ದು ಅದೇ ಗಂಜಿ. ಇತ್ತೀಚೆಗೆ ಸ್ವಲ್ಪ ಸಪ್ಪೆ ಅನಿಸುತ್ತಿತ್ತು, ಅದಕ್ಕೆ ಮೇಲಿನ ಸ್ವರಗಳನ್ನು, ಎಂದರೆ ಟ್ರೆಬಲ್ಲನ್ನು, ತುಸು ಏರಿಸಿದ್ದೆ. ಉಪ್ಪು ಸಾಲದಿದ್ದರೆ ಹಾಕಿಕೊಳ್ಳುವುದಿಲ್ಲವೇ, ಅಷ್ಟೇ ಎಂದುಕೊಂಡಿದ್ದೆ. ಸದ್ದಿನ ಏರಿಳಿತವನ್ನು ಗೆರೆಗಳಲ್ಲಿ ತೋರಿಸುವ ಪರದೆ ಕಂಪ್ಯೂಟರಿನಲ್ಲಿ ಇದ್ದೇ ಇದೆ. ನಾನು ಅದನ್ನು ಮುಚ್ಚಿಟ್ಟಿದ್ದೆ. ಕಣ್ಣಿನಿಂದ ಸಂಗೀತ ಮಾಡುವುದು ಕಿವಿ ಇಲ್ಲದವರ ಕೆಲಸ ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಆಮೇಲೆ ಬೆಂಗಳೂರಿನಿಂದ ಕರೆ ಬಂತು. ಪ್ರಯೋಗಶೀಲ ಸದ್ದಿನ ಒಂದು ಸಂಜೆಯಂತೆ, ನಾನು ಬಂದು ನುಡಿಸಬೇಕಂತೆ. ಹೋದೆ. ನುಡಿಸುತ್ತಿರುವಾಗ ಎದುರಿನ ಸಾಲಿನಲ್ಲಿ ಇಬ್ಬರು ಕಿವಿಗೆ ಬೆರಳು ತುರುಕಿದ್ದರು, ಒಬ್ಬಾಕೆ ಎದ್ದು ಹೊರಗೆ ಹೋದಳು. ಮುಗಿದಾಗ ಚಪ್ಪಾಳೆಯೋ ಚಪ್ಪಾಳೆ. ನಿಮಗೆ ಕೇಳುಗರ ಆರಾಮವನ್ನು ಒಡೆಯಬೇಕು ಎಂದು ಯಾಕೆ ಅನಿಸಿತು ಎಂದು ಒಬ್ಬ ಕನ್ನಡಕದವನು ಕೇಳಿದ. ನನಗೆ ಹಾಗೇನೂ ಅನಿಸಿರಲಿಲ್ಲ. ಆದರೆ ಮೈಕು ಕೈಯಲ್ಲಿತ್ತು. ಕಾಯುವ ಕೋಣೆಗಳಿಗೆ ಹದಿನೈದು ವರ್ಷ ಸಂಗೀತ ಮಾಡಿದವನಿಗೆ ಮಾತ್ರ ಆರಾಮದ ಸುಳ್ಳು ಗೊತ್ತಾಗುತ್ತದೆ, ನೋವು ಕಾದಿರುವ ಕಡೆ ಮೆತ್ತನೆಯ ಸದ್ದು ಹಾಕುವುದು ಒಂದು ಮೋಸ, ಆ ಮೋಸವನ್ನು ನಾನೇ ಬಿಚ್ಚುತ್ತಿದ್ದೇನೆ ಎಂದೆಲ್ಲ ಐದು ನಿಮಿಷ ಹರಿಯಬಿಟ್ಟೆ. ಮಾತು ಎಷ್ಟು ಚೆನ್ನಾಗಿ ಬಂತೆಂದರೆ ಮಂಗಳೂರಿನ ಬಸ್ಸು ಹತ್ತುವ ಹೊತ್ತಿಗೆ ನಾನೇ ಅದನ್ನು ನಂಬಿದ್ದೆ. ನನ್ನನ್ನು ಪ್ರಯೋಗಶೀಲ ಎಂದು ಬರೆದದ್ದನ್ನೆಲ್ಲ ಗೆಳೆಯನಿಗೆ ಕಳಿಸಿದೆ. ಅವನು ಹೆಬ್ಬೆರಳು ಎತ್ತಿದ ಗುರುತೊಂದನ್ನು ಕಳಿಸಿ ಸುಮ್ಮನಾದ. ಹೊಟ್ಟೆಕಿಚ್ಚು ಎಂದುಕೊಂಡೆ.

ಮಳೆ ಕಡಿಮೆಯಾಗುವ ಹೊತ್ತಿಗೆ ನನಗೆ ಇನ್ನೊಂದು ಹೊಳೆಯಿತು: ನಮ್ಮ ಬೀದಿಯಲ್ಲಿ ಜೀರುಂಡೆಗಳೇ ಇಲ್ಲ. ಸಂಜೆ ಬಾಲ್ಕನಿಯಲ್ಲಿ ಕೂತರೆ ರಿಕ್ಷಾ ಕೇಳುತ್ತದೆ, ಕೆಳಗಿನ ಮನೆಯ ಟೀವಿ ಕೇಳುತ್ತದೆ, ಜೀರುಂಡೆ ಮಾತ್ರ ಇಲ್ಲ. ಪಕ್ಕದ ಹಿತ್ತಿಲು ಕಡಿದು ಹೊಸ ಅಪಾರ್ಟ್‌ಮೆಂಟ್ ಎಬ್ಬಿಸುತ್ತಿದ್ದರು, ಬಿಲ್ಡರುಗಳ ಮೇಲೆ ನನಗೆ ಮೊದಲೇ ಕೋಪ. ಸತ್ತ ಜೀರುಂಡೆಗಳಿಗೆ ಎಂದು ನಲವತ್ತು ನಿಮಿಷದ ಒಂದು ಶೋಕಸಂಗೀತ ಮಾಡಿದೆ. ಹೆಂಡತಿಯನ್ನು ಕರೆದು ಅದರ ಹಿಂದಿನ ದುಃಖವನ್ನು ವಿವರಿಸಿದೆ. ಅವಳು ಶಾಲಾ ಟೀಚರು, ಮಕ್ಕಳ ಯಾವ ಸುಳ್ಳಿಗೂ ಮುಖ ಬದಲಿಸದವಳು. ಬಾಲ್ಕನಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು, "ಒಳ್ಳೇದಾಗಿದೆ" ಎಂದು ಒಳಗೆ ಹೋದಳು. ಅಂದು ಅವಳು ಅಡುಗೆಮನೆಯಲ್ಲಿ ಫೋನಿನಲ್ಲಿ ತಗ್ಗಿದ ದನಿಯಲ್ಲಿ ಯಾರೊಂದಿಗೋ ಮಾತಾಡಿದಳು. ನಾನು ಹೋದ ಕೂಡಲೇ ಇಟ್ಟುಬಿಟ್ಟಳು. ಆಮೇಲೆ ಫೋನು ತೆಗೆದು ನೋಡಿದೆ. ನನ್ನ ಗೆಳೆಯನ ನಂಬರು.

ಹೇಳಲು ನಾಚಿಕೆಯಾಗುತ್ತದೆ, ಆದರೆ ಅದೂ ಮನಸ್ಸಿಗೆ ಬಂತು. ಎರಡು ದಿನ ಇತ್ತು. ಇಬ್ಬರನ್ನೂ ಬಲ್ಲವನಾದ್ದರಿಂದ ಮೂರನೇ ದಿನ ಹೋಯಿತು. ಆದರೆ ಸಂಶಯ ಎನ್ನುವುದು ಬಾಡಿಗೆದಾರನ ಹಾಗೆ. ಒಂದು ಕೋಣೆ ಬಿಡಿಸಿದರೆ ಇನ್ನೊಂದನ್ನು ಹಿಡಿಯುತ್ತದೆ. ಇವರಿಬ್ಬರೂ ನನ್ನಿಂದ ಏನೋ ಮುಚ್ಚಿಡುತ್ತಿದ್ದಾರೆ, ಅದು ನನ್ನ ಸಂಗೀತಕ್ಕೆ ಸಂಬಂಧಪಟ್ಟದ್ದು, ಅಷ್ಟು ಖಚಿತ. ನಾನು ಮಾಡುವುದು ಮೆತ್ತಗಿದೆ, ಜನರಿಗೆ ತಲುಪುವುದು ಗಾಜು ಕೊರೆದ ಹಾಗಿದೆ. ಹಾಗಾದರೆ ನಡುವೆ ಯಾರೋ ಕೈಯಾಡಿಸುತ್ತಿದ್ದಾರೆ. ನಡುವೆ ಇರುವವನು ಒಬ್ಬನೇ.

ಅವನನ್ನು ಹಿಡಿಯಲು ಒಂದು ಉಪಾಯ ಮಾಡಿದೆ. ಹೆಂಡತಿಯ ಕೆಂಪು ಉಗುರು ಬಣ್ಣದ ಕುಪ್ಪಿ ಜೇಬಿಗೆ ಹಾಕಿಕೊಂಡು ಫಳ್ನೀರಿನ ಹಲ್ಲಿನ ಕ್ಲಿನಿಕ್ಕಿಗೆ ಹೋದೆ. ಅಲ್ಲಿಯ ಆಂಪ್ಲಿಫೈಯರು ರಿಸೆಪ್ಶನ್ನಿನ ಹಿಂದಿನ ಕಪಾಟಿನಲ್ಲಿ. "ಸ್ವಲ್ಪ ಚೆಕ್ ಮಾಡ್ಲಿಕ್ಕುಂಟು" ಎಂದು ಕಪಾಟು ತೆಗೆಸಿ, ಟ್ರೆಬಲ್ ಏರಿಸಿ ಇಳಿಸುವ ನಾಬು ಎಲ್ಲಿ ನಿಂತಿದೆ ನೋಡಿದೆ. ತೀರಾ ಕೆಳಕ್ಕೆ ಇಳಿಸಿಬಿಟ್ಟಿದ್ದರು. ಗಾಜು ಕೊರೆಯುವುದಕ್ಕೂ ಇದಕ್ಕೂ ತಾಳೆಯಾಗುತ್ತಿರಲಿಲ್ಲ, ಆದರೆ ಯಾರೋ ಕೈಯಾಡಿಸಿದ್ದಾರೆ ಎನ್ನುವುದೇ ನನಗೆ ಸಾಕಾಯಿತು. ಮಧ್ಯಕ್ಕೆ ತಂದು, ನಾಬಿನ ಮೇಲೊಂದು, ಅದಕ್ಕೆ ಸರಿಯಾಗಿ ಪಟ್ಟಿಯ ಮೇಲೊಂದು ಕೆಂಪು ಚುಕ್ಕೆ ಇಟ್ಟೆ. ಕಣ್ಣಿನವರಲ್ಲಿ, ಹೆರಿಗೆಯವರಲ್ಲಿ, ಹೋಟೆಲಿನಲ್ಲಿ ಕೂಡ ಹಾಗೇ ಮಾಡಿದೆ. ಎಲ್ಲ ಕಡೆಯೂ ನಾಬು ಕೆಳಗೇ ಇತ್ತು. ವಾರ ಬಿಟ್ಟು ಸುತ್ತು ಹಾಕಿದರೆ ಒಂದು ಕಡೆಯೂ ಚುಕ್ಕೆಗೆ ಚುಕ್ಕೆ ಸೇರುತ್ತಿರಲಿಲ್ಲ. ಪುನಃ ಸರಿ ಮಾಡಿ, ಮರುದಿನ ಹಲ್ಲಿನ ಕ್ಲಿನಿಕ್ಕಿನಲ್ಲಿ ರೋಗಿಗಳ ನಡುವೆ ಪೇಪರು ಹಿಡಿದು ಕೂತೆ.

ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಅವನು ಬಂದ. ರಿಸೆಪ್ಶನ್ನಿನ ಹುಡುಗಿಗೆ ಸಲಾಂ ಹೇಳಿ, ಕಪಾಟು ತೆಗೆದು, ಬಗ್ಗಿ, ನಾಬು ತಿರುಗಿಸಿದ. ನಾನು ಹಿಂದೆ ಹೋಗಿ ನಿಂತೆ.

"ಎಂತ ಮಾಡ್ತಿದ್ದಿ?"

ಅವನು ಬೆಚ್ಚಿದ. ಆಮೇಲೆ ಚುಕ್ಕೆ ನೋಡಿ, "ಇದನ್ನು ಇಟ್ಟದ್ದು ನೀನಾ?" ಅಂದ.

"ನನ್ನ ಸಂಗೀತವನ್ನು ನೀನು ಯಾಕೆ ತಿರುಗಿಸ್ತಿ?"

"ಹೊರಗೆ ಬಾ. ಚಾ ಕುಡಿಯುವ. ಹೇಳ್ತೇನೆ."

"ಇಲ್ಲೇ ಹೇಳು."

"ಇದು ಇಲ್ಲಿ ಹೇಳುವ ಮಾತಲ್ಲ ಮಾರಾಯ."

ಅವನು ಸುತ್ತ ಕೂತವರನ್ನು ನೋಡಿದ. ಕಳ್ಳ ಸಿಕ್ಕಿಬಿದ್ದಾಗ ಹೀಗೇ ನೋಡುವುದು ಎಂದುಕೊಂಡೆ. ಎಷ್ಟು ಕಾಲದಿಂದ ಎಂದು ಕೇಳಿದೆ. "ಒಂದು ವರ್ಷ ಆಗಿರಬಹುದು" ಅಂದ. ವರ್ಷವಿಡೀ ನನ್ನ ಬೆನ್ನ ಹಿಂದೆ. ಇಂಟರ್ನೆಟ್ಟಿಗೆ ಏರಿಸುವಾಗಲೂ ಹೀಗೇ ಕೈಯಾಡಿಸುತ್ತಿದ್ದೀಯಾ ಎಂದು ಕೇಳಿದೆ. "ಅದನ್ನು ಮುಟ್ಟಲಿಲ್ಲ. ಅದು ನಿನ್ನದು" ಅಂದ. ನಾನು ನಂಬಲಿಲ್ಲ. ಹಲ್ಲುನೋವಿನ ಏಳೆಂಟು ಮಂದಿ ಕೆನ್ನೆ ಹಿಡಿದುಕೊಂಡು ನಮ್ಮನ್ನೇ ನೋಡುತ್ತಿದ್ದರು. ಆಗ ನನ್ನ ಬಾಯಿಂದ ಆ ಮಾತು ಬಂತು.

"ನಿಮ್ಮವರನ್ನು ನಂಬಬಾರದು ಅಂತ ಜನ ಹೇಳುದು ಸುಮ್ಮನೆ ಅಲ್ಲ."

ಈ ಊರಿನಲ್ಲಿ ಆ ಮಾತು ಬಸ್ ಸ್ಟಾಪಿನಲ್ಲಿ, ಸೆಲೂನಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಬಿದ್ದಿರುತ್ತದೆ. ನಾನು ಅದನ್ನು ಹೆಕ್ಕಿಕೊಳ್ಳುವವನಲ್ಲ ಎಂದು ನನ್ನ ಬಗ್ಗೆ ನನಗೊಂದು ಜಂಭವಿತ್ತು. ಎಷ್ಟೋ ಮಂದಿಯ ಬಾಯಿ ಮುಚ್ಚಿಸಿದವನು ನಾನು. ಹಾಗಾದರೆ ಅದು ನನ್ನೊಳಗೆ ಎಲ್ಲಿ ಕೂತಿತ್ತು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಕಪಾಟಿನ ಬಾಗಿಲು ಮೆಲ್ಲ ಹಾಕಿ, ಚಪ್ಪಲಿ ಮೆಟ್ಟಿ, ಹೊರಟುಹೋದ. ನಾನು ನಾಬನ್ನು ಚುಕ್ಕೆಗೆ ತಂದು ನಿಲ್ಲಿಸಿ, ಗೆದ್ದವನ ಹಾಗೆ ಮನೆಗೆ ಬಂದೆ.

ಅವನು ಆಮೇಲೆ ಯಾವ ನಾಬನ್ನೂ ಮುಟ್ಟಲಿಲ್ಲ. ನಾನು ಎಲ್ಲವನ್ನೂ ಮಧ್ಯಕ್ಕೆ ತಂದಿದ್ದೆ. ಹತ್ತು ದಿನದೊಳಗೆ ಫೋನುಗಳು ಶುರುವಾದವು. ಮಕ್ಕಳು ಕೂತಲ್ಲೇ ಅಳುತ್ತಾರೆ, ಮೊದಲು ಹೀಗಿರಲಿಲ್ಲ ಎಂದು ಹಲ್ಲಿನ ಡಾಕ್ಟರು ಹೇಳಿದರು. ತಮ್ಮ ನರ್ಸಿಗೆ ದಿನಾ ತಲೆನೋವು ಎಂದು ಕಣ್ಣಿನವರು ಹೇಳಿದರು. ಹೋಟೆಲಿನವರು ಫೋನು ಕೂಡ ಮಾಡಲಿಲ್ಲ, ತೆಗೆದು ಹಳೇ ಸಿನಿಮಾ ಹಾಡು ಹಾಕಿಕೊಂಡರು. ನನಗೆ ಆಶ್ಚರ್ಯವಾಗಲಿಲ್ಲ. ಅವನೇ ಎಲ್ಲರಿಗೂ ಹೇಳಿಕೊಟ್ಟು ಫೋನು ಮಾಡಿಸುತ್ತಿದ್ದಾನೆ, ಸೇಡು ಎಂದುಕೊಂಡೆ. ಸ್ಪೀಕರು ಹಳತಾಗಿದೆ, ಗೋಡೆ ಸರಿಯಿಲ್ಲ, ವಯರು ಅಗ್ಗದ್ದು ಎಂದೂ ಹೇಳಿದೆ. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಹೆರಿಗೆ ಡಾಕ್ಟರು ಒಬ್ಬರೇ ಮುಖಕ್ಕೆ ನೇರ ಹೇಳಿದರು: "ಸಾರ್, ಅದು ಸಂಗೀತ ಅಲ್ಲ, ಸೂಜಿ. ನಮ್ಮಲ್ಲಿ ಸೂಜಿ ಬೇಕಾದಷ್ಟು ಉಂಟು."

ಆ ಸಂಜೆ ಬಾಲ್ಕನಿಯಲ್ಲಿ ಕೂತು ಗೆಳೆಯನನ್ನು ಬಯ್ಯುತ್ತಿದ್ದೆ. ಹೆಂಡತಿ ಬಂದು ಪಕ್ಕದಲ್ಲಿ ಕೂತಳು.

"ಸ್ವಲ್ಪ ಹೊತ್ತು ಮಾತಾಡ್ಬೇಡಿ," ಅಂದಳು. "ಎಂತ ಕೇಳ್ತದೆ, ಹೇಳಿ."

ರಿಕ್ಷಾ ಅಂದೆ. ಟೀವಿ. ಕೆಳಗಿನ ಗೇಟು. ಮತ್ತೆ ಎಂದಳು. ಮತ್ತೇನಿಲ್ಲ ಅಂದೆ.

"ಜೀರುಂಡೆ ಕೂಗ್ತಾ ಉಂಟು," ಅಂದಳು. "ಕಿವಿ ಒಡೆಯುವ ಹಾಗೆ ಕೂಗ್ತಾ ಉಂಟು. ಹೋದ ವರ್ಷವೂ ಕೂಗ್ತಿತ್ತು."

ನಾನು ನಕ್ಕೆ. ಅವಳು ನಗಲಿಲ್ಲ. ವಾಷಿಂಗ್ ಮೆಷಿನ್ನಿನ ಬೀಪು, ಫ್ರಿಜ್ಜಿನ ಬಾಗಿಲಿನ ಬೀಪು, ತನ್ನ ಫೋನಿನ ಗಂಟೆ ಎಂದು ನನಗೆ ಕೇಳಿಸದೆ ಹೋದದ್ದನ್ನು ಒಂದೊಂದಾಗಿ ಹೇಳುತ್ತಾ ಹೋದಳು. ಇದನ್ನು ಮೊದಲು ಗಮನಿಸಿದವನು ನನ್ನ ಗೆಳೆಯನಂತೆ. ಅಂಗಡಿಯಲ್ಲಿ ನನ್ನ ಹೊಸ ಪೆನ್ ಡ್ರೈವ್ ಹಾಕಿದ ಕೂಡಲೇ ಅವನಿಗೆ ಗೊತ್ತಾಯಿತಂತೆ. ನನಗೆ ಹೇಗೆ ಹೇಳುವುದೆಂದು ಅವಳಿಗೆ ಫೋನು ಮಾಡಿದನಂತೆ. "ಅವನಿಗೆ ಕಿವಿ ಅಂದ್ರೆ ಎಲ್ಲ ಅದೇ ಅಲ್ವಾ ಅಕ್ಕ, ಸ್ವಲ್ಪ ನಿಲ್ಲಿ, ಬೆಂಗಳೂರಿನ ಪ್ರೋಗ್ರಾಂ ಆಗ್ಲಿ" ಅಂದನಂತೆ. ಬೆಂಗಳೂರು ಆದ ಮೇಲೆ ನಾನು ಎಷ್ಟು ಸಂತೋಷದಲ್ಲಿದ್ದೆನೆಂದರೆ ಇಬ್ಬರಿಗೂ ಬಾಯಿ ಬರಲಿಲ್ಲ. ಈ ನಡುವೆಯೆಲ್ಲ ಅವನು ಕ್ಲಿನಿಕ್ಕು ಕ್ಲಿನಿಕ್ಕಿಗೆ ಹೋಗಿ ಟ್ರೆಬಲ್ ಇಳಿಸುತ್ತಿದ್ದ, ನನ್ನ ಗಿರಾಕಿಗಳು ಕೈಬಿಟ್ಟುಹೋಗದಿರಲಿ ಎಂದು.

ಆಗಲೂ ನಾನು ನಂಬಲಿಲ್ಲ. ನನ್ನ ಯೋಗ್ಯತೆ ಅಷ್ಟೇ.

ಕಿವಿ ಪರೀಕ್ಷೆಗೆ ಅವಳೇ ಕರೆದುಕೊಂಡು ಹೋದಳು. ಗಾಜಿನ ಸಣ್ಣ ಗೂಡಿನಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿದ ಕೂಡಲೇ ಒತ್ತಬೇಕು. ಗಾಜಿನಾಚೆ ಮೆಷಿನ್ನಿನ ಎದುರು ಒಬ್ಬಳು ಹುಡುಗಿ. ಮೊದಲಿಗೆ ದಪ್ಪ ಸ್ವರಗಳು ಬಂದವು. ಪಟಪಟ ಒತ್ತಿದೆ, ಶಾಲೆಯಲ್ಲಿ ಉತ್ತರ ಗೊತ್ತಿರುವ ಮಗುವಿನ ಹಾಗೆ. ಆಮೇಲೆ ಸದ್ದು ನಿಂತಿತು. ಕಾದೆ. ಅವಳು ಮೆಷಿನ್ನಿನ ಮೇಲೆ ಏನೋ ಮಾಡುತ್ತಲೇ ಇದ್ದಳು, ಆಗಾಗ ನನ್ನ ಕೈ ನೋಡುತ್ತಿದ್ದಳು. ಇವಳಿಗೆ ಕೆಲಸ ಸರಿಯಾಗಿ ಬರುವುದಿಲ್ಲ ಎಂದು ತೋರಿತು. ಗಾಜಿಗೆ ಬಡಿದೆ.

"ಸ್ಟಾರ್ಟ್ ಮಾಡಮ್ಮ," ಅಂದೆ.

ಅವಳು ಬಾಗಿಲು ತೆಗೆದು, ತುಂಬ ಮೆತ್ತಗೆ, "ಸಾರ್, ನಡೀತಾ ಉಂಟು. ಆಗದಿಂದ ನಡೀತಾ ಉಂಟು," ಅಂದಳು.

ನಾನು ಆ ಗೂಡಿನಲ್ಲಿ ಕೂತೇ ಇದ್ದೆ. ಇಷ್ಟು ದಿನ ಸಂಶಯಪಟ್ಟವರ ಪಟ್ಟಿಯಲ್ಲಿ ಗೆಳೆಯ ಇದ್ದ, ಹೆಂಡತಿ ಇದ್ದಳು, ಡಾಕ್ಟರುಗಳು, ಬಿಲ್ಡರು, ಗೋಡೆ, ವಯರು, ಕೊನೆಗೆ ಈ ಹುಡುಗಿಯೂ ಇದ್ದಳು. ನನ್ನ ಕಿವಿ ಒಂದು ದಿನವೂ ಆ ಪಟ್ಟಿಯಲ್ಲಿ ಇರಲಿಲ್ಲ. ಹೋದದ್ದು ಬರುವುದಿಲ್ಲ, ದೊಡ್ಡ ಸದ್ದಿನ ಪಕ್ಕ ದುಡಿದವರಿಗೆ ಹೀಗಾಗುವುದುಂಟು, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದು ಡಾಕ್ಟರು ಹೇಳಿದರು. ಮನೆಗೆ ಬಂದು, ಮುಚ್ಚಿಟ್ಟಿದ್ದ ಆ ಗೆರೆಗಳ ಪರದೆಯನ್ನು ಮೊದಲ ಬಾರಿ ತೆರೆದು ನನ್ನ ಶೋಕಸಂಗೀತವನ್ನು ಓಡಿಸಿದೆ. ನನಗೆ ಮೌನ ಎಂದು ತೋರುತ್ತಿದ್ದ ಜಾಗದಲ್ಲೆಲ್ಲ ಮೇಲ್ಗಡೆ ಗೆರೆಗಳು ಕಿಕ್ಕಿರಿದಿದ್ದವು. ಆ ಧೈರ್ಯದ ಸಂಗೀತವನ್ನು ಮಾಡಿದವನು ಅದನ್ನು ಕೇಳಿಯೇ ಇರಲಿಲ್ಲ. ಅತ್ತೆ. ಅಂದರೆ, ಕಣ್ಣೀರು ಹಾಕಿ ಅತ್ತೆ. ಅಷ್ಟು ಅತ್ತದ್ದು ಅಪ್ಪ ಹೋದಾಗಲೂ ಇಲ್ಲ.

ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಅವನು ಮನೆಯಲ್ಲೇ ಇರುತ್ತಾನೆಂದು ಗೊತ್ತಿತ್ತು. ಬಂದರಿನಿಂದ ದೋಣಿ ಹತ್ತಿ ಬೆಂಗ್ರೆಗೆ ಹೋದೆ. ಮನೆಯೆದುರು ನೆರಳಿನಲ್ಲಿ ನೆರೆಯವರು ಬಲೆ ಸರಿಮಾಡುತ್ತಿದ್ದರು, ಅವನು ಅಲ್ಲೇ ಕುರ್ಚಿ ಹಾಕಿ ಕೂತಿದ್ದ. ನನ್ನನ್ನು ನೋಡಿ ಏಳಲಿಲ್ಲ. ಇನ್ನೊಂದು ಕುರ್ಚಿ ತರಿಸಿದ. ಚಾ ಬಂತು. ಪರೀಕ್ಷೆಯ ಕಾಗದ ಕೊಟ್ಟೆ. ನೋಡಿ, ಮಡಿಸಿ, ವಾಪಸು ಕೊಟ್ಟ.

"ಇದು ನನಗೆ ಗೊತ್ತಿತ್ತು," ಅಂದ.

ಆ ದಿನ ಕ್ಲಿನಿಕ್ಕಿನಲ್ಲಿ ಎಲ್ಲರೆದುರು ಹೇಳಿಬಿಡಬಹುದಿತ್ತಲ್ಲ, ನಿನ್ನ ಮಾನ ಉಳಿಯುತ್ತಿತ್ತು ಎಂದೆ.

"ಅಷ್ಟು ಜನರ ಎದುರು ನಿನಗೆ ಕಿವಿ ಕೇಳುದಿಲ್ಲ ಅಂತ ಹೇಗೆ ಹೇಳುದು? ಅದು ನಿನ್ನ ಗಿರಾಕಿಯ ಜಾಗ."

ನನ್ನದು ತಪ್ಪಾಯಿತು, ಕಿವಿ ಹೋದದ್ದು ಗೊತ್ತಾಗದೆ ಹಾಗೆಲ್ಲ ಆಯಿತು ಎಂದು ಶುರುಮಾಡಿದೆ. ಅವನು ಕೈ ಎತ್ತಿ ನಿಲ್ಲಿಸಿದ.

"ಟ್ರೆಬಲ್ ಏರಿಸಿದ್ದು ಕಿವಿಯಿಂದ. ಅದಕ್ಕೆ ನೀನು ಎಂತ ಮಾಡ್ಲಿಕ್ಕಾಗ್ತದೆ? ಆದ್ರೆ ಆ ಮಾತು ಕಿವಿಯಿಂದ ಬಂದದ್ದಲ್ಲ."

ಬಲೆಯವರು ತಲೆ ಎತ್ತದೆ ಗಂಟು ಹಾಕುತ್ತಿದ್ದರು. ಅದು ನನ್ನೊಳಗೇ ಇತ್ತು, ಇಲ್ಲ ಎಂದುಕೊಂಡಿದ್ದೆ, ಇತ್ತು ಎಂದು ಹೇಳಿದೆ. ಕ್ಷಮಿಸು ಎಂದು ಕೂಡ ಹೇಳಿದೆ. ಅವನು ಆಯಿತು ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ದೋಣಿಯ ಹೊತ್ತಾಯಿತು ಎಂದು ಮಾತ್ರ ಹೇಳಿದ.

ಮೂರು ತಿಂಗಳು ಅವನಿಂದ ಫೋನು ಬರಲಿಲ್ಲ. ಹಳೆಯ ಕಾಲದ ಪೆನ್ ಡ್ರೈವ್‌ಗಳನ್ನು ಹುಡುಕಿ ಕ್ಲಿನಿಕ್ಕುಗಳಿಗೆ ನಾನೇ ಹೋಗಿ ಕೊಟ್ಟು ಬಂದೆ. ಹೊಸದೇನೂ ಮಾಡಲಿಲ್ಲ. ಆಮೇಲೆ ನನಗೆ ಉಳಿದಿರುವ ಸದ್ದುಗಳನ್ನೇ ಹುಡುಕಿಕೊಂಡು ಹೋದೆ. ದೋಣಿಯ ಎಂಜಿನ್ನು ಶುರುವಾಗುವ ಮೊದಲಿನ ಕೆಮ್ಮು, ದೋಣಿ ಕಟ್ಟುವ ಧಕ್ಕೆಯ ಕಂಬಕ್ಕೆ ಅದರ ಹೊಟ್ಟೆ ತಾಗುವ ಸದ್ದು, ಹಗ್ಗ ಬಿಗಿಯುವಾಗಿನ ನರಳು, ನೀರಿನೊಳಕ್ಕೆ ಮೈಕು ಇಳಿಬಿಟ್ಟರೆ ಕೇಳುವ ಗುಡುಗುಡು. ರೆಕಾರ್ಡರು ಹಿಡಿದು ನಿಂತವನನ್ನು ಧಕ್ಕೆಯವರು ಸಂಶಯದಿಂದ ನೋಡಿದರು, ಯಾವ ಚಾನೆಲಿನವ, ಯಾವ ಇಲಾಖೆಯವ ಎಂದು ಕೇಳಿದರು. ನೋಡಲಿ ಬಿಡಿ, ನನಗೆ ಅದರ ರುಚಿ ಗೊತ್ತಾಗಬೇಕಿತ್ತು. ಹೀಗೆ ಅರ್ಧ ಗಂಟೆಯ ಒಂದು ಕೆಲಸವಾಯಿತು. ಈ ಸಲ ಅದು ನಿಜಕ್ಕೂ ವಿಚಿತ್ರವಾಗಿತ್ತು, ನಾನು ಗೊತ್ತಿದ್ದೇ ಮಾಡಿದ ವಿಚಿತ್ರ. ಆದರೆ ಅದರ ಮೇಲ್ಗಡೆ ಏನಾಗಿದೆಯೋ ನನಗೆ ತಿಳಿಯುವಂತಿರಲಿಲ್ಲ. ಕೇಳಿ ನೋಡು ಎಂದು ಒಂದು ಸಾಲು ಬರೆದು ಅವನಿಗೆ ಕಳಿಸಿದೆ.

ಎರಡು ವಾರದ ಮೇಲೆ ಅವನು ಮಣ್ಣಗುಡ್ಡಕ್ಕೆ ಬಂದ. ನನ್ನ ಕೋಣೆಗೆ ಬಂದು ಪೆನ್ ಡ್ರೈವ್ ಮೇಜಿನ ಮೇಲಿಟ್ಟ.

"ನಿನ್ನದನ್ನು ಎಂತದೂ ಮುಟ್ಟಲಿಲ್ಲ. ಆದ್ರೆ ಮೇಲೆ ನಾನೊಂದು ಹಾಕಿದ್ದೇನೆ. ಸುರುವಿನಿಂದ ಕೊನೆಯವರೆಗೆ ಉಂಟು. ನಿನಗೆ ಕೇಳುದಿಲ್ಲ."

"ಎಂತದು ಅದು?"

"ಹೇಳುದಿಲ್ಲ."

ನಾನು ಅವನ ಮುಖ ನೋಡಿದೆ. ಅವನು ನೋಡಿಸಿಕೊಂಡ.

"ಬೇಡ ಅಂತಾದ್ರೆ ತೆಗಿ. ಬೇಕಾದ್ರೆ ಹಾಗೇ ಬಿಡು. ನಿನ್ನ ಹೆಸರಲ್ಲೇ ಹೋಗ್ಲಿ," ಎಂದು ಹೇಳಿ, ಚಾ ಬೇಡವೆಂದು, ಮೆಟ್ಟಿಲಿಳಿದು ಹೋದ.

ಅದು ಏನೆಂದು ತಿಳಿಯುವುದು ನನಗೆ ಕಷ್ಟವಲ್ಲ. ಮೇಲ್ಗಡೆಯ ಸದ್ದನ್ನು ಬೇರೆ ಮಾಡಿ, ಓಟ ನಿಧಾನ ಮಾಡಿದರೆ ಸ್ವರ ಕೆಳಗಿಳಿಯುತ್ತದೆ, ನನ್ನ ಕಿವಿಗೂ ಸಿಗುತ್ತದೆ. ಎರಡು ನಿಮಿಷದ ಕೆಲಸ. ಅದರಲ್ಲಿ ಏನು ಬೇಕಾದರೂ ಇರಬಹುದು. ನನ್ನನ್ನು ಊರೆಲ್ಲ ನಗುವಂತೆ ಮಾಡುವಂಥದ್ದೂ ಇರಬಹುದು, ಅವನಿಗೆ ಅಷ್ಟು ಹಕ್ಕಿತ್ತು. ಎರಡು ದಿನ ಕಂಪ್ಯೂಟರಿನ ಮುಂದೆ ಕೂತೆ, ಎದ್ದೆ, ಪುನಃ ಕೂತೆ. ಒಮ್ಮೆ ಬೆರಳು ಮೌಸಿನ ಮೇಲೂ ಹೋಯಿತು. ಮೂರನೇ ದಿನ ಬೆಳಿಗ್ಗೆ, ಇದ್ದದ್ದನ್ನು ಇದ್ದ ಹಾಗೆ, ನಾನೇ ಇಂಟರ್ನೆಟ್ಟಿಗೆ ಏರಿಸಿದೆ.

ಆ ಸಂಜೆ ಹೆಂಡತಿ ಶಾಲೆಯಿಂದ ಬಂದು, ಹೆಡ್‌ಫೋನ್ ಹಾಕಿಕೊಂಡು, ಅರ್ಧ ಗಂಟೆ ಅಲುಗಾಡದೆ ಕೂತು ಕೇಳಿದಳು. ನಾನು ಎದುರು ಕೂತು ಅವಳ ಮುಖವನ್ನೇ ನೋಡುತ್ತಿದ್ದೆ. ನಡುವೆ ಎಲ್ಲೋ ಅವಳ ಹುಬ್ಬು ಮೇಲೆ ಹೋಯಿತು, ಆಮೇಲೆ ಕಣ್ಣು ತುಂಬಿತು, ಅದು ದುಃಖದ್ದೋ ನಗುವಿನದ್ದೋ ನನಗೆ ಗೊತ್ತಾಗಲಿಲ್ಲ. ಮುಗಿದ ಮೇಲೆ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟು, "ಅವರು ಮೇಲೆ ಎಂತ ಹಾಕಿದ್ದಾರೆ ಅಂತ ಗೊತ್ತುಂಟಾ ನಿಮಗೆ?" ಎಂದು ಹೇಳಲು ಹೊರಟಳು.

ಹೇಳಬೇಡ ಅಂದೆ.